ಆಕಾಶದಲ್ಲಿ ಮಾತ್ರ ಮರ್ಯಾದಸ್ಥರು

ನಮ್ಮ ಭಾವನವರಷ್ಟು ಸಭ್ಯ ಮನುಷ್ಯ ಹೊಸಪೇಟೆಯಲ್ಲಿ ಇನ್ನೊಬ್ಬರಿಲ್ಲ. ಈ ಮಾತನ್ನು ಹೊಸಪೇಟೆಯಲ್ಲಿ ಯಾರ ಮುಂದಾದರೂ ಹೇಳಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದೇ ಜಪಾನಿನಲ್ಲಿ ಹೇಳಿ, ಹಂಗೇರಿಯಲ್ಲಿ ಹೇಳಿ, ಬ್ರೆಜಿಲ್ಲಿನಲ್ಲಿ ಹೇಳಿ, ಹೌದೌದೆಂದು ತಲೆದೂಗುತ್ತಾರೆ! ಒಬ್ಬ ಮನುಷ್ಯ ತನ್ನ ಓಣಿಯೊಂದನ್ನು ಬಿಟ್ಟು ಉಳಿದ ಭೂಮಂಡಲಕ್ಕೆಲ್ಲ ಸಜ್ಜನನಾಗಿರುವುದು ಹೇಗೆ ಸಾಧ್ಯ ಎಂಬುದು ನನ್ನ ಬಹುಕಾಲದ ಸಮಸ್ಯೆ.

ಮೊದಲು ಓಣಿಯ ಕಡೆಯಿಂದಲೇ ಶುರು ಮಾಡುತ್ತೇನೆ. ಭಾವ ಎಂದರೆ ನಮ್ಮ ಅಕ್ಕನ ಗಂಡ. ಸಂಡೂರಿನ ಕಡೆ ಗಣಿಯೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಅವರ ಹೆಗಲ ಮೇಲೆ ಸದಾ ಒಂದು ಕೆಂಪು ಅಂಚಿನ ಟವೆಲ್ಲು ಇರುತ್ತದೆ. ಅದು ಮುಖ ಒರೆಸಲಿಕ್ಕಲ್ಲ, ಬಸ್ಸಿನಲ್ಲಿ ಸೀಟು ಹಿಡಿಯಲಿಕ್ಕೆ. ಸಂಡೂರಿನ ಬಸ್ಸು ಸ್ಟ್ಯಾಂಡಿನೊಳಗೆ ಇನ್ನೂ ತಿರುಗುತ್ತಿರುವಾಗಲೇ ಭಾವ ಅದರ ಪಕ್ಕದಲ್ಲಿ ಓಡುತ್ತ ಕಿಟಕಿಯೊಳಗೆ ಟವೆಲ್ಲು ಒಗೆಯುತ್ತಾರೆ. ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಆಮೇಲೆ ಜನ ಗುದ್ದಾಡಿ ಹತ್ತಲಿ ಎಂದು ಬಿಟ್ಟು, ಕೊನೆಯಲ್ಲಿ ಮದುಮಗನ ಹಾಗೆ ನಿಧಾನವಾಗಿ ಹತ್ತುತ್ತಾರೆ. ಅಷ್ಟರಲ್ಲಿ ಆ ಸೀಟಿನಲ್ಲಿ ಯಾರಾದರೂ ಕುಳಿತಿದ್ದರೋ, ಅವರ ಕಥೆ ಮುಗಿಯಿತು. ಮೇಷ್ಟ್ರಾಗಲಿ, ಬ್ಯಾಂಕ್ ಮ್ಯಾನೇಜರ್ ಆಗಲಿ, ಎಬ್ಬಿಸಿಯೇ ತೀರುತ್ತಾರೆ.

ಅಷ್ಟೆಲ್ಲ ಹೋರಾಡಿ ಹಿಡಿಯುವುದಾದರೂ ಎಷ್ಟು ಸೀಟು? ಒಂದೇ ಒಂದು! ನಮ್ಮ ಅಕ್ಕ ಪಕ್ಕದಲ್ಲಿ ಬ್ಯಾಗು ಹಿಡಿದುಕೊಂಡು, ಮೇಲಿನ ಸರಳಿಗೆ ಜೋತುಬಿದ್ದು, ಸಂಡೂರಿನವರೆಗೂ ನಿಂತೇ ಹೋಗುತ್ತಾಳೆ. ಭಾವನವರ ತಂಗಿಯ ಮನೆ ಸಂಡೂರಿನಲ್ಲಿರುವುದರಿಂದ ಈ ಯಾತ್ರೆ ಆಗಾಗ ನಡೆಯುವಂಥದ್ದು. ಒಮ್ಮೆ ನಾನು ತಡೆಯಲಾರದೆ, ಅಕ್ಕನಿಗೂ ಒಂದು ಸೀಟು ಹಿಡಿಯಬಾರದೇ ಎಂದು ಕೇಳಿದೆ.

"ಟವೆಲ್ ಇರೋದು ಒಂದ ಐತಲೇ," ಎಂದರು.

ಮದುವೆ ಮನೆಯಲ್ಲೂ ಇದೇ ಪರಾಕ್ರಮ. ಮೊದಲ ಪಂಕ್ತಿಯಲ್ಲಿ ಉಣ್ಣುತ್ತಿರುವವರ ಪೈಕಿ ಬೇಗ ಉಣ್ಣುವ ಒಬ್ಬನನ್ನು ಆರಿಸಿಕೊಂಡು ಅವನ ಕುರ್ಚಿಯ ಬೆನ್ನಿಗೆ ಎರಡೂ ಕೈ ಊರಿ ನಿಂತುಬಿಡುತ್ತಾರೆ. ಎಲೆಗೆ ಮಜ್ಜಿಗೆ ಬಂತೇ ಇಲ್ಲವೇ ಎಂದು ಭುಜದ ಮೇಲಿಂದ ಬಗ್ಗಿ ನೋಡುತ್ತಾರೆ. ಆ ಬಡಪಾಯಿ ಹೋಳಿಗೆಯನ್ನು ಅಗಿಯದೇ ನುಂಗಿ ಏಳಬೇಕು. ನಮ್ಮ ಕಂಪ್ಲಿಯ ಮದುವೆಯೊಂದರಲ್ಲಿ ಹಾಗೆ ಎದ್ದವನು ಮದುಮಗಳ ಸೋದರಮಾವ ಎಂಬುದು ಆಮೇಲೆ ಗೊತ್ತಾಯಿತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ನಾಲ್ಕು ಜನರ ನಡುವೆ ತಲೆ ಎತ್ತಿ ಬದುಕಬೇಕಾದವನು ನಾನು.

ಈಗ ಇದೇ ಮನುಷ್ಯನನ್ನು ಅವರ ಮನೆಯ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ನೋಡಬೇಕು. ಅಲ್ಲಿ ಅವರ ಹ್ಯಾಮ್ ರೇಡಿಯೋ ಇದೆ. ಗೊತ್ತಿಲ್ಲದವರಿಗೆ ಒಂದು ಮಾತು: ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮಾಳಿಗೆಯ ಮೇಲೆ ತಂತಿ ಕಟ್ಟಿ, ಮನೆಯಲ್ಲೇ ಕುಳಿತು ದೇಶವಿದೇಶದವರ ಜೊತೆ ಮೈಕಿನಲ್ಲಿ ಮಾತಾಡುವ ಹವ್ಯಾಸಕ್ಕೆ ಹಾಗನ್ನುತ್ತಾರೆ. ಎಲ್ಲರ ಜೇಬಿನಲ್ಲೂ ಫೋನಿರುವ ಕಾಲದಲ್ಲಿ ಇದೇಕೆ ಎಂದು ಕೇಳಿದರೆ, ಫೋನಿನಲ್ಲಿ ಯಾರು ಸಿಗುತ್ತಾರೆಂದು ಮೊದಲೇ ಗೊತ್ತಿರುತ್ತದೆ, ಇದರಲ್ಲಿ ಗೊತ್ತಿರುವುದಿಲ್ಲ, ಅದೇ ಮಜಾ ಎನ್ನುತ್ತಾರೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ನಾನು ಎತ್ತುವುದೇ ಇಲ್ಲ. ಇವರು ಅಂಥವರನ್ನೇ ಹುಡುಕಿಕೊಂಡು ಹೋಗುತ್ತಾರೆ!

ಸರಿ, ಮಾತಾಡುತ್ತಾರಲ್ಲ, ಏನು ಮಾತಾಡುತ್ತಾರೆ? ಏನೂ ಇಲ್ಲ! ಪ್ರತಿಯೊಬ್ಬನಿಗೂ ಸರ್ಕಾರ ಕೊಟ್ಟ ಅಕ್ಷರ ಮತ್ತು ಅಂಕಿಗಳ ಒಂದು ಹೆಸರಿರುತ್ತದೆ, ಕಾಲ್ ಸೈನ್ ಎಂದು. ಅದನ್ನು ಅವನು ಹೇಳಬೇಕು, ಇವರು ಹೇಳಬೇಕು, ಮುಗಿಯಿತು. ಅಕ್ಷರ ಸ್ಪಷ್ಟವಾಗಿ ಕೇಳಲಿ ಎಂದು ಒಂದೊಂದಕ್ಕೂ ಒಂದು ಪದವಿದೆ. ಟಿ ಎನ್ನಲು ಟ್ಯಾಂಗೋ, ಡಬ್ಲ್ಯೂ ಎನ್ನಲು ವಿಸ್ಕಿ. ಭಾವ ಮುಂಜಾನೆ ಎದ್ದು ಕಿಟಕಿ ತೆರೆದಿಟ್ಟು "ವಿಸ್ಕಿ, ವಿಸ್ಕಿ" ಎಂದು ಕೂಗುವುದನ್ನು ಕೇಳಿ, ಎದುರುಮನೆಗೆ ಹೊಸದಾಗಿ ಬಂದ ಸಂಸಾರದವರು ಅಕ್ಕನನ್ನು ಕಂಡಾಗಲೆಲ್ಲ ತುಂಬ ಮರುಕದಿಂದ ಮಾತಾಡಿಸುತ್ತಿದ್ದರು.

ಇಷ್ಟಾದರೆ ಹವ್ಯಾಸವೆಂದು ಸುಮ್ಮನಿರಬಹುದಿತ್ತು. ಇದರಲ್ಲಿ ಸ್ಪರ್ಧೆ ಬೇರೆ! ಶನಿವಾರ ಸಂಜೆ ಐದೂವರೆಗೆ ಶುರುವಾಗಿ ಭಾನುವಾರ ಸಂಜೆ ಐದೂವರೆಗೆ ಮುಗಿಯುವಷ್ಟರಲ್ಲಿ ಯಾರು ಹೆಚ್ಚು ಜನರನ್ನು, ಹೆಚ್ಚು ದೇಶಗಳನ್ನು ಮಾತಾಡಿಸುತ್ತಾರೋ ಅವರು ಗೆದ್ದಂತೆ. ಗೆದ್ದರೆ ಏನು ಕೊಡುತ್ತಾರೆ ಎಂದು ವ್ಯಾಪಾರಸ್ಥನ ಸಹಜ ಕುತೂಹಲದಿಂದ ಕೇಳಿದೆ. ಸರ್ಟಿಫಿಕೇಟು ಅಂತೆ. ಅದೂ ಈಗ ಇಮೇಲಿನಲ್ಲಿ ಕಳಿಸುತ್ತಾರಂತೆ, ಬೇಕಾದವರು ತಮ್ಮ ಖರ್ಚಿನಲ್ಲಿ ಪ್ರಿಂಟ್ ಹೊಡೆಸಿಕೊಳ್ಳಬೇಕಂತೆ. ಊಟ ನಿದ್ದೆಗಳಿಗೆ ಎಳ್ಳುನೀರು ಬಿಟ್ಟು, ಗಂಟಲು ಹರಿದುಕೊಂಡು, ಕಡೆಗೆ ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುವ ಬಹುಮಾನ!

ಹೋಗಲಿ, ಸ್ಪರ್ಧೆ ಎಂದಮೇಲೆ ನುಗ್ಗಬೇಕಲ್ಲವೇ? ಬಸ್ ಸ್ಟ್ಯಾಂಡಿನ ಆ ಹುಲಿ ಇಲ್ಲಿ ಹಸುವಾಗುತ್ತದೆ. ಕರೆಯುವುದಕ್ಕೆ ಖಾಲಿ ಜಾಗವೊಂದನ್ನು ಹುಡುಕಿ, ಅಂದರೆ ಖಾಲಿ ಫ್ರೀಕ್ವೆನ್ಸಿ, ಕುಳಿತುಬಿಡುವ ಬದಲು ಇವರು ಮೈಕು ಹಿಡಿದು, ಇಲ್ಲಿ ಯಾರಾದರೂ ಇದ್ದೀರಾ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳುತ್ತಾರೆ. ಕಾಯುತ್ತಾರೆ. ಮತ್ತೆ ಕೇಳುತ್ತಾರೆ. ಮತ್ತೆ ಕಾಯುತ್ತಾರೆ. ಮೂರನೆಯ ಸಲ ಕೇಳುವಷ್ಟರಲ್ಲಿ ಇನ್ನೊಬ್ಬ ಬಂದು ಕೇಳದೇ ಗೀಳದೇ ಅಲ್ಲೇ ಕುಳಿತುಬಿಡುತ್ತಾನೆ. ಭಾವ ಬೈಯುತ್ತಾರೆಯೇ? ಎಬ್ಬಿಸುತ್ತಾರೆಯೇ? ಪಾಪ, ಅವನಿಗೆ ನನ್ನ ದನಿ ಕೇಳಿಸಿರಲಿಕ್ಕಿಲ್ಲ ಎಂದು ರೇಡಿಯೋದ ತಿರುಗುಗುಬ್ಬಿಯನ್ನು ತಿರುಗಿಸಿಕೊಂಡು ಬೇರೆ ಕಡೆ ಹೋಗುತ್ತಾರೆ. ಸಂಡೂರಿನ ಬಸ್ಸಿನಲ್ಲಿ ಯಾವ ಬ್ಯಾಂಕ್ ಮ್ಯಾನೇಜರಿಗೂ ಈ ರಿಯಾಯಿತಿ ಸಿಕ್ಕಿಲ್ಲ.

ಅವರು ಭಾಗವಹಿಸುವ ವರ್ಗದಲ್ಲಿ ನೂರು ವ್ಯಾಟ್‌ಗಿಂತ ಹೆಚ್ಚು ಶಕ್ತಿ ಬಳಸಬಾರದೆಂಬ ನಿಯಮವಿದೆ. ಮೀಟರು ಸುಳ್ಳು ಹೇಳುತ್ತಿದ್ದರೆ ಎಂಬ ಅನುಮಾನದಿಂದ ಇವರು ತೊಂಬತ್ತಕ್ಕೆ ಇಟ್ಟುಕೊಳ್ಳುತ್ತಾರೆ. ತೂಕದಲ್ಲಿ ಚೂರು ಅತ್ತಿತ್ತ ಆಗುವುದು ಲೋಕರೂಢಿ, ಆದರೆ ಅದು ತನ್ನ ಕಡೆಗೇ ಕಡಿಮೆಯಾಗುವಂತೆ ನೋಡಿಕೊಳ್ಳುವ ಆಸಾಮಿಯನ್ನು ನನ್ನ ಗಿರಣಿಯ ಇಷ್ಟು ವರ್ಷದ ಅನುಭವದಲ್ಲಿ ನಾನು ಕಂಡಿರಲಿಲ್ಲ.

ಒಂದು ವರ್ಷ ನಾನೇ ಕನಿಕರಪಟ್ಟು ಉಪಕಾರ ಮಾಡಲು ಹೋದೆ. ನನ್ನ ಹಳೆಯ ಗಿರಾಕಿಯೊಬ್ಬರ ಅಳಿಯ ದುಬೈ ಕಡೆ ಇದ್ದಾನೆ, ಅವನಿಗೂ ಈ ರೇಡಿಯೋ ಹುಚ್ಚು. ಸ್ಪರ್ಧೆ ನಡೆದಿರುವಾಗ ಅವನಿಗೆ ಫೋನು ಮಾಡಿ, ನಮ್ಮ ಭಾವ ಇಂಥ ಕಡೆ ಕುಳಿತು ಕರೆಯುತ್ತಿದ್ದಾರೆ, ಒಂದು ಸಲ ಮಾತಾಡಿಸಪ್ಪ ಎಂದೆ. ಅವನು ಮಾತಾಡಿಸಿದ. ಹೊಸ ದೇಶ ಸಿಕ್ಕಿತೆಂದು ಭಾವ ಹಿಗ್ಗಿ ಹೀರೇಕಾಯಿಯಾದರು. ನಾನು ಸುಮ್ಮನಿರದೆ ನನ್ನ ಸಾಹಸ ಹೇಳಿಕೊಂಡೆ. ಮುಖ ಸಣ್ಣಗೆ ಮಾಡಿಕೊಂಡು ಕಂಪ್ಯೂಟರಿನಲ್ಲಿ ಬರೆದಿದ್ದ ಅವನ ಹೆಸರನ್ನು ಲೆಕ್ಕದಿಂದ ತೆಗೆದರು. ತಾನಾಗಿ ಕೇಳಿ ಬಂದವನಷ್ಟೇ ಲೆಕ್ಕಕ್ಕೆ, ಫೋನು ಮಾಡಿ ಕರೆಸಿಕೊಂಡವನು ಲೆಕ್ಕಕ್ಕಿಲ್ಲವಂತೆ! ಟ್ರ್ಯಾಕ್ಟರ್ ಕಳಿಸಿ ಜನರನ್ನು ಕರೆತರದೆ ನಮ್ಮ ಕಡೆ ಗ್ರಾಮ ಪಂಚಾಯಿತಿ ಮೆಂಬರೂ ಆಗಲಾರ.

ಇವರ ಈ ಕೀರ್ತಿ ಕೇಳಿ ಜಪಾನಿನ ಒಬ್ಬ ಹ್ಯಾಮ್ ಹಂಪಿ ನೋಡಲು ಬಂದಾಗ ಇವರನ್ನೂ ನೋಡಲು ಬಂದಿದ್ದ. ರೇಡಿಯೋದಲ್ಲಿ ಎಲ್ಲರಿಗೂ ಜಾಗ ಬಿಟ್ಟುಕೊಡುವ ಮಹಾನುಭಾವ ಇವರೇ ಎಂದು ಬಗ್ಗಿ ನಮಸ್ಕಾರ ಮಾಡಿದ. ಅಕ್ಕನೂ ಸೇರಿ ಮೂವರೂ ಹಂಪಿಗೆ ಹೊರಟರು. ಬಸ್ಸು ಬಂತು, ಟವೆಲ್ಲು ಹಾರಿತು, ಭಾವ ಕುಳಿತರು. ಕುಳಿತಲ್ಲಿಂದಲೇ ಕತ್ತೆತ್ತಿ ಅತಿಥಿಗೆ ಸ್ಪರ್ಧೆಯ ನೀತಿಯ ಬಗ್ಗೆ ವಿವರಿಸುತ್ತಿದ್ದರಂತೆ. ಆತನೂ ನಮ್ಮ ಅಕ್ಕನೂ ಒಂದೇ ಸರಳಿಗೆ ಜೋತುಬಿದ್ದು ಹಂಪಿಯವರೆಗೆ ಕೇಳಿಸಿಕೊಂಡರಂತೆ.

ಇಷ್ಟೆಲ್ಲ ನೀತಿ ಪಾಲಿಸಿದ್ದರ ಫಲವೇನು? ಪ್ರತಿ ವರ್ಷ ಎರಡನೆಯ ಸ್ಥಾನ. ಒಬ್ಬರೇ ಕುಳಿತು ಆಡುವವರ ವರ್ಗದಲ್ಲಿ ನಮ್ಮ ದೇಶಕ್ಕೆ ಮೊದಲು ಬರುವವರು ಕೇರಳದ ಕಡೆಯ ಯಾರೋ ಒಬ್ಬರು. ಭಾವನವರಿಗೆ ಹೊಟ್ಟೆಕಿಚ್ಚಿಲ್ಲ, ಆದರೆ ಆಸೆಯಿತ್ತು. ಒಂದು ಸಲ, ಒಂದೇ ಒಂದು ಸಲ ಮೊದಲು ಬರಬೇಕು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಈ ಆಸೆಗೆ ಅವಸರ ಬಂದದ್ದು ಕಿವಿಯಿಂದ. ಎರಡು ಮೂರು ವರ್ಷಗಳಿಂದ ಭಾವ ರೇಡಿಯೋದ ಮುಂದೆ "ಮತ್ತೊಮ್ಮೆ ಹೇಳಿ, ಮತ್ತೊಮ್ಮೆ ಹೇಳಿ" ಎನ್ನುವುದು ಹೆಚ್ಚಾಗಿತ್ತು. ಕಿವಿಗೆ ಹಾಕುವ ಹೆಡ್‌ಫೋನು ತೆಗೆದಿಟ್ಟು ದೊಡ್ಡ ಸ್ಪೀಕರು ತಂದು ಗೋಡೆಗೆ ಜಡಿದರು. ಕಿವಿ ತೋರಿಸಿಕೊಳ್ಳಿ ಎಂದರೆ, ಕಿವಿ ಸರಿಯಿದೆ, ಸೂರ್ಯನಲ್ಲಿ ಬಿರುಗಾಳಿ ಎದ್ದಿದೆ, ಅದಕ್ಕೇ ರೇಡಿಯೋ ದನಿ ಸರಿಯಾಗಿ ಬರುತ್ತಿಲ್ಲ ಎನ್ನುತ್ತಿದ್ದರು. ಇರಬಹುದಪ್ಪ, ಸೂರ್ಯನ ವಿಷಯ ನನಗೇನು ಗೊತ್ತು? ಆದರೆ ಗ್ಯಾಸಿನವನು ಬೆಲ್ಲು ಒತ್ತಿ ಒತ್ತಿ ಸಾಕಾಗಿ ಸಿಲಿಂಡರು ವಾಪಸ್ ಒಯ್ದದ್ದಕ್ಕೂ ಸೂರ್ಯನೇ ಕಾರಣವೇ? ನಾನು ಎಡಗಡೆ ಕುಳಿತು ಅರ್ಧ ಗಂಟೆ ಬೈದದ್ದು ತಾಕದೇ ಹೋದದ್ದಕ್ಕೂ?

ಅಕ್ಕನಿಗೆ ಇದೇ ಚಿಂತೆ. ಬಳ್ಳಾರಿಯ ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದು ಎಷ್ಟು ಗೋಗರೆದರೂ ಭಾವ ಜಗ್ಗಿರಲಿಲ್ಲ. ಕಡೆಗೆ ಒಂದು ಮಾತು ಕೊಟ್ಟಿದ್ದರಂತೆ. ಅದನ್ನು ಅಕ್ಕ ನನ್ನೊಡನೆ ಹೇಳಿಕೊಂಡಳು.

"ಒಂದ್ಸಲ ಫಸ್ಟ್ ಬಂದ್ರ ಸಾಕಂತ ತಮ್ಮಾ. ಆಮ್ಯಾಲ ತೋರಸ್ತಾರಂತ. ಅದಕ್ಕಿಂತ ಮೊದಲ ಡಾಕ್ಟರು ಏನರ ಅಂದುಬಿಟ್ರ ಮತ್ತ ಆ ಕುರ್ಚಿಮ್ಯಾಲ ಕುಂದ್ರಾಕ ಧೈರ್ಯ ಬರಂಗಿಲ್ಲಂತ."

ಹೀಗಾಗಿ ಈ ಸಲದ ಸ್ಪರ್ಧೆಗೆ ನಾನೂ ಹೋಗಿದ್ದೆ. ಪ್ರೋತ್ಸಾಹಕ್ಕಲ್ಲ, ತಪ್ಪು ತಿಳಿಯಬೇಡಿ. ಭಾನುವಾರ ಮಧ್ಯಾಹ್ನದ ಮೇಲೆ ಅಕ್ಕನ ಮನೆಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ ಇರುತ್ತವೆ, ಅದಕ್ಕೆ. ಹೋಗಿ ನೋಡಿದರೆ ಭಾವನವರ ಕಣ್ಣು ಕೆಂಪು, ಗಂಟಲು ಗೊಗ್ಗರು, ಮುಖದಲ್ಲಿ ಮಾತ್ರ ಹಬ್ಬದ ಕಳೆ. ಯಾರ ಅಂಕ ಎಷ್ಟೆಂದು ಆಗಾಗ ತೋರಿಸುವ ಪಟ್ಟಿಯೊಂದು ಕಂಪ್ಯೂಟರಿನಲ್ಲಿ ಬರುತ್ತಿತ್ತು. ಭಾವ ಮೇಲೆ, ಕೇರಳದವರು ಕೆಳಗೆ! ಅಂತರ ಕೂದಲೆಳೆಯಷ್ಟು. ಮಿರ್ಚಿ ತಿನ್ನುತ್ತ ನಾನೂ ಪರದೆಯನ್ನೇ ನೋಡತೊಡಗಿದೆ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು ಎಂಬುದನ್ನು ಭಾವನವರಿಗೆ ನಾನು ಇಂದಿಗೂ ಹೇಳಿಲ್ಲ.

ಮುಗಿಯಲು ಕೆಲವೇ ನಿಮಿಷ ಉಳಿದಿರುವಾಗ ಸ್ಪೀಕರಿನ ಗೊರಗೊರ ಸದ್ದಿನ ಆಳದಲ್ಲಿ ಎಲ್ಲೋ ಒಂದು ಸಣ್ಣ ದನಿ ಬಂತು. ಶಾಂತಸಾಗರದ ಯಾವುದೋ ದ್ವೀಪದವನು. ಆ ದೇಶ ಭಾವನವರಿಗೆ ಇನ್ನೂ ಸಿಕ್ಕಿರಲಿಲ್ಲ. ಅವನೊಬ್ಬ ಸಿಕ್ಕರೆ ಕೇರಳದವರು ಏನು ಮಾಡಿದರೂ ಹಿಂದೆಯೇ. ಭಾವ ಬಲಗಿವಿಯನ್ನು ಸ್ಪೀಕರಿಗೆ ತಾಗಿಸಿ ಮತ್ತೊಮ್ಮೆ ಹೇಳಿ ಎಂದರು. ಅವನು ಹೇಳಿದ. ಇವರಿಗೆ ಗೊತ್ತಾಗಲಿಲ್ಲ. ಮತ್ತೆ ಕೇಳಿದರು. ದನಿ ಇನ್ನೂ ಸಣ್ಣದಾಯಿತು.

ಆಗ, ಸ್ಪರ್ಧೆ ಇದ್ದಾಗಲೆಲ್ಲ ತಾನು ನಿಲ್ಲುವ ಅಡುಗೆಮನೆಯ ಬಾಗಿಲಿನಿಂದ, ದಿನವೂ ಲಿಂಗಪೂಜೆ ಮುಗಿಸದೆ ಹನಿ ನೀರು ಮುಟ್ಟದ ನಮ್ಮ ಅಕ್ಕ, ಕೈಯಲ್ಲಿ ಮಿರ್ಚಿ ಕರಿಯುವ ಜಾಲರಿ ಹಿಡಿದುಕೊಂಡು, ಕೊನೆಯ ಎರಡಕ್ಷರ ಟ್ಯಾಂಗೋ, ವಿಸ್ಕಿ ಅಂತಾನೆ ಎಂದಳು!

ಭಾವ ಯೋಚಿಸಲೂ ಇಲ್ಲ. ಅವಳ ಮಾತು ಕಿವಿಗೆ ಬಿದ್ದದ್ದೇ ತಡ, ಅದನ್ನೇ ಮೈಕಿನಲ್ಲಿ ಹೇಳಿದರು. ದ್ವೀಪದವನು ಹೌದೌದೆಂದು ಧನ್ಯವಾದ ಹೇಳಿ ಗೊರಗೊರದಲ್ಲಿ ಮುಳುಗಿಹೋದ. ಐದೂವರೆ ಹೊಡೆಯಿತು. ಭಾವ ಮೊದಲು! ನಾನು ಎದ್ದು ಅವರ ಕೈ ಕುಲುಕಲು ಹೋದೆ. ಅವರು ಕೈ ಕೊಡಲಿಲ್ಲ. ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿಕೊಂಡಿದ್ದರು.

"ಈಗ ಹೇಳಿದ್ದು ನೀನಾ?"

"ಹೂಂನ್ರಿ. ನಿಮಗ ಕೇಳಸ್ಲಿಲ್ಲಲ್ಲ."

"ಇದೊಂದನಾ?"

ನಾನು ಅಕ್ಕನಿಗೆ ಕಣ್ಣು ಮಿಟುಕಿಸಿದೆ. ತಲೆಯಾಡಿಸಿದೆ. ಮಿರ್ಚಿ ನೆತ್ತಿಗೇರಿದವನಂತೆ ಕೆಮ್ಮಿದೆ. ಹೂಂ ಎಂದುಬಿಡೇ ತಾಯಿ, ಒಂದು ಅಕ್ಷರ! ಅಕ್ಕ ನನ್ನನ್ನೊಮ್ಮೆ ನೋಡಿ ಭಾವನವರ ಕಡೆ ತಿರುಗಿದಳು.

"ನಿನ್ನಿಯಿಂದ ಹೇಳಾಕತ್ತೀನ್ರಿ. ಸಣ್ಣ ದನಿ ಬಂದಾಗೆಲ್ಲ. ಇಲ್ಲೇ ಬಾಗಲಾಗ ನಿಂತು ಹೇಳ್ತೀನಿ, ನೀವು ಹಂಗ ಅಂತೀರಿ."

ಭಾವ ಕೈ ಚಾಚಿ ಸ್ಪೀಕರಿನ ಗೊರಗೊರ ಆರಿಸಿದರು.

"ನನಗ ಕೇಳಸಾಕತ್ತೈತಿ ಅಂತ ತಿಳಿದಿದ್ನಲ್ಲ," ಎಂದರು.

ಅಕ್ಕ ಕಣ್ಣೀರು ತೆಗೆಯಲಿಲ್ಲ. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿದ್ದವು, ಒಳಗೆ ಹೋದಳು. ನಾನು ಮಾತ್ರ ಬಿಡಲಿಲ್ಲ. ಒಬ್ಬರೇ ಆಡುವವರ ವರ್ಗದಲ್ಲಿ ಇನ್ನೊಬ್ಬರು ಕೇಳಿ ಹೇಳುವಂತಿಲ್ಲ ಎಂಬ ನಿಯಮ ನನಗೂ ಅಷ್ಟರಲ್ಲಿ ಗೊತ್ತಾಗಿತ್ತು. ಹಾಗಿದ್ದರೆ ಅಕ್ಕ ಹೇಳಿದವನ್ನಷ್ಟೇ ತೆಗೆದುಹಾಕಿ ಎಂದೆ. ಯಾವುದು ತಾನು ಕೇಳಿದ್ದು, ಯಾವುದು ಅವಳು ಕೇಳಿದ್ದು ಎಂದು ಈಗ ಹೇಗೆ ಬೇರ್ಪಡಿಸಲಿ ಎಂದರು. ಆಮೇಲೆ ನನ್ನ ಕಣ್ಣೆದುರಿಗೇ, ಹಲವರು ಕೂಡಿ ಆಡುವವರ ವರ್ಗಕ್ಕೆ ತಮ್ಮನ್ನು ಬದಲಾಯಿಸಿಕೊಂಡರು. ಆ ವರ್ಗದಲ್ಲಿ ಇರುವವರು ಯಾರು? ಗುಡ್ಡದ ಮೇಲೆ ಗೋಪುರ ಕಟ್ಟಿಕೊಂಡು ಪಾಳಿಯ ಮೇಲೆ ದುಡಿಯುವ ದೊಡ್ಡ ದೊಡ್ಡ ಕ್ಲಬ್ಬುಗಳು! ಅವರ ನಡುವೆ ಇವರ ಅಂಕ ಯಾವ ಮೂಲೆಗೆ? ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಯಾರಿಗೆ ಗೊತ್ತಾಗತೈತ್ರಿ ಭಾವಾ? ಜಪಾನಿನವರು ಬಂದು ನಿಮ್ಮ ಅಡಿಗಿಮನಿ ಇಣುಕಿ ನೋಡ್ತಾರೇನು?"

"ನೋಡಂಗಿಲ್ಲ ಅಂತನ ಲೇ, ನಾವ ಹೇಳಬೇಕಾಗೋದು."

ಆಡಿದವರ ಹೆಸರು ಬರೆಯುವ ಜಾಗದಲ್ಲಿ ತಮ್ಮ ಹೆಸರಿನ ಮುಂದೆ ಅಕ್ಕನ ಹೆಸರನ್ನೂ ಒತ್ತಿದರು. ಅವಳಿಗೆ ಲೈಸೆನ್ಸೇ ಇಲ್ಲವಲ್ಲ ಎಂದು ನಾನು ಕಡೆಯ ಬಾಣ ಬಿಟ್ಟೆ. ಮೈಕು ಹಿಡಿಯುವವರಿಗೆ ಲೈಸೆನ್ಸು ಬೇಕು, ಕಿವಿಗೆ ಯಾರು ಲೈಸೆನ್ಸು ಕೊಡುತ್ತಾರೆ ಎಂದರು. ಮನುಷ್ಯನಿಗೆ ಹುಚ್ಚು ಹಿಡಿದರೆ ಪ್ರಶ್ನೆಗೆಲ್ಲ ಉತ್ತರ ಸಿದ್ಧವಿರುತ್ತದೆ.

ಫಲಿತಾಂಶ ಬಂತು. ಒಬ್ಬರೇ ಆಡುವವರಲ್ಲಿ ಕೇರಳದವರು ಎಂದಿನಂತೆ ಮೊದಲು. ನಮ್ಮವರು ಕ್ಲಬ್ಬುಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗುವಂಥ ಸ್ಥಾನದಲ್ಲಿ, ಕೆಳಗಿನಿಂದ ಹುಡುಕಿದರೆ ಬೇಗ ಸಿಗುವಂಥ ಸ್ಥಾನದಲ್ಲಿ ಇದ್ದರು. ಮೊದಲು ಬಂದಿಲ್ಲವಾದ್ದರಿಂದ ಕಿವಿ ಡಾಕ್ಟರ ಮಾತೂ ಅಲ್ಲಿಗೇ ನಿಂತಿತು. ಮೊದಲ ಸ್ಥಾನ, ಕಿವಿ ಎರಡೂ ಹೋದವಲ್ಲ, ಇನ್ನೇನು ರೇಡಿಯೋ ಮುಚ್ಚಿಡುತ್ತಾರೆ ಎಂದುಕೊಂಡೆ. ಬುಕ್ಕಸಾಗರದ ನಮ್ಮ ಬೀಗರು ಆ ಕೋಣೆಯಲ್ಲಿ ಭತ್ತದ ಚೀಲ ಇಡಬಹುದೇ ಎಂದು ಕೇಳಿಯೂ ಇದ್ದರು.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಗಿರಣಿಯ ಕೆಲಸಕ್ಕೆಂದು ಹೊಸಪೇಟೆಗೆ ಹೋದವನು ಸಂಜೆ ಅಕ್ಕನ ಮನೆಗೆ ನಡೆದೆ. ಅಂದೂ ಯಾವುದೋ ಸ್ಪರ್ಧೆಯಿದೆ ಎಂದು ಗೊತ್ತಾಗಿ, ದಾರಿಯುದ್ದಕ್ಕೂ ಭಾವನವರಿಗೆ ಹೇಳಲು ಒಳ್ಳೊಳ್ಳೆಯ ಚುಚ್ಚುಮಾತುಗಳನ್ನು ಜೋಡಿಸಿಕೊಂಡಿದ್ದೆ. ಕೋಣೆಯೊಳಗೆ ಕಾಲಿಟ್ಟರೆ ಗೋಡೆಯ ಸ್ಪೀಕರು ಇರಲಿಲ್ಲ. ಮೇಜಿನ ಮೇಲೆ ಎರಡು ಹೆಡ್‌ಫೋನು, ಮೇಜಿನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಭಾವ ಕುಳಿತಿದ್ದರು. ಇನ್ನೊಂದು ನನಗೇ ಇರಬೇಕೆಂದು ಕೂಡಲು ಹೋದೆ. ಅದರ ಮೇಲೆ ಅಗಲವಾಗಿ ಹಾಸಿತ್ತು, ಆ ಕೆಂಪು ಅಂಚಿನ ಟವೆಲ್ಲು.

"ಅಲ್ಲಿ ಕುಂದ್ರಬ್ಯಾಡಲೇ," ಎಂದರು ಭಾವ. "ಆ ಸೀಟು ಹಿಡಿದಿಟ್ಟೀನಿ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಭಾವ ತಾವೇ ಬಗ್ಗಿ ಟವೆಲ್ಲು ತೆಗೆದು, ಕೊಡವಿ, ಹೆಗಲ ಮೇಲೆ ಹಾಕಿಕೊಂಡರು. ಅವಳು ಕುಳಿತು ಹೆಡ್‌ಫೋನು ಏರಿಸಿಕೊಂಡಳು. ಇವರು ಮೈಕು ಹಿಡಿದು, ಇಲ್ಲಿ ಯಾರಾದರೂ ಇದ್ದೀರಾ ಎಂದು ಎಂದಿನ ಹಾಗೆ ಮೂರು ಸಲ ಕೇಳಿದರು. ಕೇಳಿ, ತಮ್ಮ ಹೆಡ್‌ಫೋನನ್ನು ಕಿವಿಯಿಂದ ಸರಿಸಿ, ಅವಳ ಮುಖವನ್ನೇ ನೋಡುತ್ತ ಕುಳಿತರು. ಅಕ್ಕ ಕಣ್ಣು ಮುಚ್ಚಿಕೊಂಡು ಆಲಿಸಿದಳು.

"ಯಾರೂ ಇಲ್ರಿ," ಎಂದಳು. "ಕರೀರಿ ಇನ್ನ."

ಭಾವ ಕರೆದರು. ನಾನು ಚುಚ್ಚುಮಾತುಗಳನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು, ಬಾಗಿಲ ಚೌಕಟ್ಟು ಹಿಡಿದು, ಅಕ್ಕ ಇಷ್ಟು ವರ್ಷ ನಿಂತಿದ್ದ ಜಾಗದಲ್ಲಿ ಸುಮ್ಮನೆ ನಿಂತುಕೊಂಡೆ.